ನರಸಣ್ಣನಿಗೆ ಕಟ್ಟಿದ ರುಮಾಲು

ಯಾರನ್ನಾದರೂ ಕೆಲಸದಿಂದ ತೆಗೆಯುವುದಾದರೆ ಬೈದು ತೆಗೆಯಬೇಕು. ನಾಳೆಯಿಂದ ಬರಬೇಡ, ನಡಿ ಎಂದು ಮುಖಕ್ಕೆ ಹೇಳಬೇಕು. ಆಗ ಅವನಿಗೂ ತಿರುಗಿ ಬೈಯಲು ಬಾಯಿ ಬರುತ್ತದೆ, ಹಾದಿಯಲ್ಲಿ ಹೋಗುವವರಿಗೂ ಏನು ನಡೆಯಿತೆಂದು ಗೊತ್ತಾಗುತ್ತದೆ. ನನ್ನ ಅಕ್ಕನ ಗಂಡ ನರಸಣ್ಣನನ್ನು ಹಾಗೆ ತೆಗೆಯಲಿಲ್ಲ. ಕೊರಳಿಗೆ ಹಾರ ಹಾಕಿ, ತಲೆಗೆ ರುಮಾಲು ಕಟ್ಟಿ, ಕೈಗೆ ತೆಂಗಿನಕಾಯಿ ಕೊಟ್ಟು, ನಮ್ಮೆಲ್ಲರ ಕೈಯಿಂದ ಚಪ್ಪಾಳೆ ತಟ್ಟಿಸಿ ತೆಗೆದರು. ನಾನೂ ತಟ್ಟಿದೆ.

ನರಸಣ್ಣ ಹೊಳಗುಂದದ ಕಡೆಯ ಹಳ್ಳಿಯವನು. ಊರಗೌಡರ ಹತ್ತಿ ಹೇರಿಕೊಂಡು ಗಾಡಿ ಹೊಡೆದುಕೊಂಡು ಆದವಾನಿಗೆ ಬಂದ. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ನಮ್ಮಲ್ಲಿ ಜಿನ್ನು ಅನ್ನುತ್ತಾರೆ. ಸಿದ್ದಬಸಪ್ಪ ಸಾವ್ಕಾರರ ಜಿನ್ನಿನ ಅಂಗಳದಲ್ಲಿ ಗಾಡಿ ನಿಲ್ಲಿಸಿದ ಹೊತ್ತಿಗೆ ಸರಿಯಾಗಿ ಬಾಯ್ಲರು ಕೂಗಿತು. ಎತ್ತುಗಳು ಬೆದರಿ ಓಡಿದವು. ಇವನು ಎತ್ತಿನ ಹಿಂದೆ ಓಡಬೇಕೋ ಬೇಡವೋ? ಕೂಗಿದ್ದು ಯಾವುದೆಂದು ನೋಡಲು ಒಳಗೆ ಹೋದ. ಎತ್ತುಗಳನ್ನು ಯಾರೋ ಕೋಟೆಯ ಕಡೆಯಿಂದ ಹಿಡಿದು ತಂದರು. ಜೊತೆಗೆ ಬಂದಿದ್ದ ಗೌಡರು ಗಾಡಿಯನ್ನು ಬೇರೆಯವನ ಕೈಗೆ ಕೊಟ್ಟು ಇವನನ್ನು ಬೈದು ಅಲ್ಲಿಯೇ ಬಿಟ್ಟು ಊರಿಗೆ ಹೋದರು. ಅವನ ಮೊದಲನೆಯ ನೌಕರಿ ಹೋದದ್ದು ಹಾಗೆ. ಅದನ್ನು ಅವನು ನಗುತ್ತ ಹೇಳುತ್ತಿದ್ದ. ಗೌಡರು ಬೈದು ಬಿಟ್ಟಿದ್ದರಲ್ಲ, ಅದಕ್ಕೆ ನಗಲು ಬರುತ್ತಿತ್ತು.

ಜಿನ್ನಿನಲ್ಲಿ ಬಾಯ್ಲರಿಗೆ ಬೆಂಕಿ ಹಾಕುವ ಕೆಲಸ ಸಿಕ್ಕಿತು. ನಮ್ಮ ಕಡೆ ಬಾಯ್ಲರಿಗೆ ಶೇಂಗಾದ ಹೊಟ್ಟು ಸುಡುತ್ತಾರೆ. ಹೊಟ್ಟು ಸುಟ್ಟರೆ ಬೂದಿ ಕೆಳಗೆ ಬೀಳುವುದಿಲ್ಲ, ಗಾಳಿಯಲ್ಲಿ ಹಾರಾಡುತ್ತದೆ. ಸಂಜೆ ಹೊರಗೆ ಬಂದಾಗ ಅವನ ಹುಬ್ಬು, ಮೀಸೆ, ಕಿವಿಯ ಒಳಗೆಲ್ಲ ಬೂದಿ. ಎಲ್ಲರೂ ಬೂದಿ ನರಸ ಎಂದೇ ಕರೆಯುತ್ತಿದ್ದರು. ಯಂತ್ರಕ್ಕೆ ಹತ್ತಿ ಹಾಕುವ ಹೆಣ್ಣಾಳುಗಳು ಅವನನ್ನು ಕಂಡ ಕೂಡಲೆ ಸಾಲಾಗಿ ಹಣೆ ಮುಂದೆ ಮಾಡುತ್ತಿದ್ದರು.

"ಬೂದಿಯಪ್ಪ ಬಂದಾನ, ವಿಭೂತಿ ಹಚ್ಚಿಸ್ಕೊಳ್ರೇ."

"ಇವತ್ತು ಸೋಮಾರ, ಬರೇ ಹಣಿಗೆ ಸಾಲದು, ಮೂಗಿಗೂ ಹಚ್ಚೋ ನರಸ."

ಅವನು ನಗುತ್ತಿರಲಿಲ್ಲ. ತಲೆ ತಗ್ಗಿಸಿ ತೊಟ್ಟಿಗೆ ಹೋಗಿ, ಮತ್ತೆ ಮತ್ತೆ ಸಾಬೂನು ಹಚ್ಚಿ ತೊಳೆದುಕೊಂಡು, ಕಿವಿಯಲ್ಲಿ ಇನ್ನೂ ಬೂದಿ ಇಟ್ಟುಕೊಂಡೇ ಮನೆಗೆ ಬರುತ್ತಿದ್ದ. ನನ್ನ ಅಕ್ಕ ಕೊಂಡಮ್ಮನನ್ನು ಅವನಿಗೆ ಕೊಟ್ಟದ್ದು ಜಿನ್ನಿನ ಕೆಲಸ ಐತಿ ಎಂಬ ಒಂದೇ ಕಾರಣಕ್ಕೆ. ಆಕೆಯ ಬಾಯಿ ಜೋರು. ಅವನು ಬಾಯ್ಲರಿಗೆ ಆಕಿ, ಆಕಿ ಅನ್ನುತ್ತಿದ್ದ. ಆಕಿ ಇವತ್ತು ಸರಿಯಾಗಿ ಉಣ್ಣಲಿಲ್ಲ, ಆಕಿಗೆ ನೀರು ಸಾಲಲಿಲ್ಲ, ಹೀಗೆ. ಅಕ್ಕ ಓಣಿಯ ಹೆಂಗಸರ ಮುಂದೆ, "ನಾನು ಎರಡನೇಕಿ ರೀ. ಮೊದಲನೇಕಿ ಜಿನ್ನಿನಾಗ ಅದಾಳ, ಆಕಿ ಕೂಗಿದ್ರ ನನ್ನ ಕೈತುತ್ತು ಬಿಟ್ಟು ಓಡ್ತಾನ" ಅನ್ನುತ್ತಿದ್ದಳು. ಅದು ಸುಳ್ಳಲ್ಲ. ಮಗಳ ಮದುವೆಯ ಅಕ್ಷತೆ ಬಿದ್ದ ಮೇಲೆ ಊಟಕ್ಕೆ ಕೂಡದೆ ಜಿನ್ನಿಗೆ ಹೋದವನು ಅವನು.

ನನ್ನನ್ನು ಅದೇ ಜಿನ್ನಿಗೆ ಸೇರಿಸಿದವನೂ ಅವನೇ. ನನ್ನ ಕೆಲಸ ಯಂತ್ರದ ಕೀಲುಗಳಿಗೆಲ್ಲ ಎಣ್ಣೆ ಬಿಡುವುದು. ನಾನು ಸಿಟ್ಟಿನವನು, ಹತ್ತು ಕಡೆ ಜಗಳಾಡಿ ಬಿಟ್ಟುಬಂದವನು. ಅವನ ಮುಖ ನೋಡಿ ಅಲ್ಲಿ ಹಲ್ಲು ಕಚ್ಚಿಕೊಂಡು ನಿಂತೆ.

ಐವತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ, ಹತ್ತಿ ಇಲ್ಲದೆ ಜಿನ್ನು ನಿಂತಿದ್ದಾಗ, ಅಂಗಳದಲ್ಲಿ ಕರೆಂಟಿನ ಕಂಬ ನೆಟ್ಟರು. ಮದ್ರಾಸಿನಿಂದ ಮರದ ಪೆಟ್ಟಿಗೆಯಲ್ಲಿ ಮೋಟಾರು ಬಂತು. ಅದನ್ನು ಗಾಡಿಯಿಂದ ಇಳಿಸಿ, ಉರುಳುಗಟ್ಟಿಗೆಯ ಮೇಲೆ ಒಳಗೆ ತಳ್ಳಿದವರಲ್ಲಿ ನರಸಣ್ಣ ಎಲ್ಲರಿಗಿಂತ ಮುಂದೆ.

ಅವನನ್ನು ನಾನು ಮಾವ ಅನ್ನುತ್ತಿದ್ದೆ. ಕೇಳಿದೆ. "ಮಾವ, ಇದು ಬಂದ ಮ್ಯಾಲೆ ಬಾಯ್ಲರ್ ಯಾಕ ಬೇಕು?"

"ಕಂಬ ಬಿದ್ರ? ತಂತಿ ಹರದ್ರ? ಆಗ ಯಾರು ಬೇಕು? ಆಕೀನೇ ಬೇಕು."

"ಆಕಿ ಬೇಕಾಗಬಹುದು. ನೀನು ಬೇಕೇನು?"

"ನೀ ಬರೇ ಎಣ್ಣಿ ಬಿಡಾಂವ. ನಿನಗೇನು ತಿಳೀತೈತಿ" ಎಂದು ಮುಂದೆ ತಳ್ಳಿದ.

ಆಯುಧ ಪೂಜೆ ಬಂತು. ಪ್ರತಿ ವರ್ಷ ಜಿನ್ನಿನಲ್ಲಿ ಯಂತ್ರಗಳಿಗೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ನಮಗೆ ಮಂಡಕ್ಕಿ ಬೆಲ್ಲ ಕೊಟ್ಟು ಕಳಿಸುತ್ತಿದ್ದರು. ಆ ವರ್ಷ ಚಪ್ಪರ ಹಾಕಿಸಿದ್ದರು. ಪೇಟೆಯ ಹತ್ತಿ ಸಾವ್ಕಾರರು, ಎಣ್ಣೆ ಗಿರಣಿಯವರು, ದಲಾಲರು ಎಲ್ಲರನ್ನೂ ಕರೆಸಿ ಕುರ್ಚಿಯ ಮೇಲೆ ಕೂಡಿಸಿದ್ದರು. ನಾವು ಜಮಖಾನೆಯ ಮೇಲೆ. ಪೂಜೆ ಮುಗಿದ ಮೇಲೆ ಸಿದ್ದಬಸಪ್ಪ ಸಾವ್ಕಾರರು ಎದ್ದು ನಿಂತು, "ನರಸಣ್ಣನೋರ್ನ ಕರೀರಿ" ಅಂದರು.

ಅಲ್ಲಿಯವರೆಗೆ ಆ ಬಾಯಿಯಲ್ಲಿ ಅವನಿಗೆ ಅಣ್ಣ ಇರಲಿಲ್ಲ, ಓರ್ ಅಂತೂ ಇರಲೇ ಇಲ್ಲ. ಲೇ ಬೂದಿ, ಅಷ್ಟೇ ಇತ್ತು. ಜಮಖಾನೆಯ ಮೇಲೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾವ ನರಸಣ್ಣ ಎಂದು ಹುಡುಕಿದೆವು. ನರಸಣ್ಣನೂ ಹುಡುಕಿದ.

ಅವನನ್ನು ಮಣೆಯ ಮೇಲೆ ಕೂಡಿಸಿದರು. ಸಾವ್ಕಾರರು ಸ್ವತಃ ತಮ್ಮ ಕೈಯಿಂದ ಎಮ್ಮಿಗನೂರಿನ ಜರಿಯಂಚಿನ ರುಮಾಲು ಕಟ್ಟಿದರು. ಹಾರ ಹಾಕಿ, ಎಲೆ ಅಡಿಕೆ, ತೆಂಗಿನಕಾಯಿ ಕೈಗೆ ಕೊಟ್ಟರು. "ಇಷ್ಟು ವರ್ಷ ಈ ಜಿನ್ನಿಗೆ ಉಸಿರು ಕೊಟ್ಟೋರು ಇವರು. ಇವರ ಋಣ ನಮ್ಮ ಮ್ಯಾಲ ಐತಿ. ಇನ್ನ ಮ್ಯಾಲೆ ಆರಾಮ ಇರ್ಲಿ" ಅಂದರು. ನರಸಣ್ಣ ಎರಡೂ ಕೈಯಲ್ಲಿ ಕಾಯಿ ತೆಗೆದುಕೊಂಡು, ಅವರು ತೋರಿಸಿದಂತೆ ಅಲ್ಲಿ ತಂದಿಟ್ಟಿದ್ದ, ಸಾವ್ಕಾರರು ಕೂತು ವ್ಯಾಪಾರ ಮಾಡುವ ಗಾದಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕುರ್ಚಿಯವರು ತಲೆ ಆಡಿಸಿದರು. ನಾವು ಚಪ್ಪಾಳೆ ತಟ್ಟಿದೆವು.

ಇಲ್ಲಿ ಒಂದು ಮಾತು ಹೇಳಬೇಕು. ನರಸಣ್ಣನ ಹಳ್ಳಿಯಲ್ಲಿ, ನನ್ನ ಹಳ್ಳಿಯಲ್ಲಿಯೂ ಅಷ್ಟೇ, ಒಬ್ಬನಿಗೆ ದೈವದವರೆಲ್ಲ, ಅಂದರೆ ಊರ ಹಿರಿಯರೆಲ್ಲ, ಕೂಡಿ ರುಮಾಲು ಕಟ್ಟಿದರೆಂದರೆ ಅವನಿಗೆ ಹಿರಿತನ ಕೊಟ್ಟರೆಂದು ಅರ್ಥ. ತಳವಾರಿಕೆ ಕೊಡುವಾಗ ಕಟ್ಟುತ್ತಾರೆ. ತೀರಿದ ಹಿರಿಯನ ಜಾಗಕ್ಕೆ ಮಗನನ್ನು ಕೂಡಿಸುವಾಗ ಕಟ್ಟುತ್ತಾರೆ. ರುಮಾಲು ಬಂದರೆ ಕೆಲಸ ಬಂತು. ಆದವಾನಿ ಪೇಟೆಯ ಗಾದಿಯವರಲ್ಲಿ ಅದು ಉಲ್ಟಾ. ಅಂಗಡಿಯಲ್ಲಿ ಲೆಕ್ಕ ಬರೆದು ಕಣ್ಣು ಮಂಜಾದ ಗುಮಾಸ್ತ ಇನ್ನು ಸಾಕು ಎಂದು ಕೇಳಿಕೊಂಡಾಗ, ಅವನಿಗೆ ರುಮಾಲು ಕಟ್ಟಿ ಕಾಯಿ ಕೊಟ್ಟು ಗಾದಿ ಮುಟ್ಟಿಸಿ ಕಳಿಸುತ್ತಾರೆ. ಅದಾದ ಮೇಲೆ ಅವನು ಆ ಬಾಗಿಲಿಗೆ ನೆಂಟನಾಗಿ ಬರಬಹುದು, ಆಳಾಗಿ ಬರುವ ಹಾಗಿಲ್ಲ. ಕುರ್ಚಿಯ ಮೇಲೆ ಕುಳಿತವರಿಗೆಲ್ಲ ಅದು ಗೊತ್ತಿತ್ತು. ಜಮಖಾನೆಯ ಮೇಲೆ ಕುಳಿತ ನಮಗೆ ಒಬ್ಬರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿಲ್ಲವೆಂಬುದು ಸಿದ್ದಬಸಪ್ಪನಿಗೆ ಗೊತ್ತಿತ್ತು. ಇಲ್ಲಿಂದ ಮುಂದೆ ಆ ಮನುಷ್ಯನಿಗೆ ನನ್ನ ಕೈಯಿಂದ ಸಾವ್ಕಾರರು ಎಂದು ಬರೆಯಲಾಗುವುದಿಲ್ಲ.

ಮೇಸ್ತ್ರಿ ಮಾಡಿದರು ಎಂದೇ ನಾವು ತಿಳಿದೆವು. ಆರಾಮ ಇರಲಿ ಎಂದರೆ ಇನ್ನು ಹೊಟ್ಟು ತುಂಬಬೇಕಾಗಿಲ್ಲ, ನಿಂತು ಮಾಡಿಸಿದರೆ ಸಾಕು. ಜಿನ್ನಿನಿಂದ ಓಣಿಯವರೆಗೆ ಹಲಗೆ ಬಡಿಸಿಕೊಂಡು ಅವನನ್ನು ಕರೆತಂದೆವು. ಅಕ್ಕ ಆರತಿ ಎತ್ತಿದಳು. "ಇನ್ನ ಮ್ಯಾಲೆ ಹಾಸಿಗ್ಯಾಗ ಬೂದಿ ಇರಂಗಿಲ್ಲ" ಎಂದು ಎಲ್ಲರ ಮುಂದೆ ಅಂದುಬಿಟ್ಟಳು. ಅದೇ ಹೆಣ್ಣಾಳುಗಳು ಬಂದು, "ಬೂದಿಯಪ್ಪ ಮೇಸ್ತ್ರಿಯಪ್ಪ ಆದ, ಇನ್ನ ನಮ್ಮನ್ನ ಲೇಟಾದ್ರ ಬೈತಿಯೇನಪ್ಪ" ಎಂದು ಹೋಳಿಗೆ ತಿಂದು ಹೋದರು. ಪಕ್ಕದ ಮನೆಯ ಜಂಬಪ್ಪ ತಮ್ಮನಿಗೊಂದು ಕೆಲಸ ಎಂದು ಹಲ್ಲು ಕಿಸಿದ. ನರಸಣ್ಣ ರುಮಾಲು ಸರಿಮಾಡಿಕೊಳ್ಳುತ್ತ, "ಜಿನ್ನು ಚಾಲೂ ಆಗ್ಲಿ, ನೋಡೋಣ" ಅಂದ. ನೋಡೋಣ ಅನ್ನುವುದನ್ನು ಅವನು ಅಷ್ಟರಲ್ಲೇ ಕಲಿತಿದ್ದ.

ದೀಪಾವಳಿ ಪಾಡ್ಯ ಕಳೆದು ಜಿನ್ನು ಶುರುವಾಗುವ ದಿನ ಅವನು ರುಮಾಲು ಕಟ್ಟಿಕೊಂಡು ನನಗಿಂತ ಮೊದಲೇ ಹೋದ. ನಾನು ಹೋಗುವಾಗ ಅವನು ಗೇಟಿನ ಹೊರಗೆ ನಿಂತಿದ್ದ. ಗೇಟು ಕಾಯುವ ದಸ್ತಗಿರಿ ನನ್ನನ್ನು ಬಿಟ್ಟ, ಅವನನ್ನು ಬಿಡಲಿಲ್ಲ. ಬೈಯಲೂ ಇಲ್ಲ. ಸಲಾಮು ಮಾಡುತ್ತಿದ್ದ.

"ನರಸಣ್ಣನೋರು, ಕುಂದರ್ರಿ. ಟೀ ತರಸ್ತೀನಿ."

"ಟೀ ಯಾಕಲೇ ದಸ್ತಗಿರಿ. ಗೇಟ್ ತಗಿ."

"ನೀವು ದೊಡ್ಡೋರು ಆದ್ರಿ ಭಾಯಿ. ಆಳು ಬರೋ ಗೇಟಿನಾಗ ನಿಮ್ಮನ್ನ ಹೆಂಗ ಬಿಡ್ಲಿ?"

ಒಳಗೆ ಬಾಯ್ಲರಿನ ಕೂಗು ಇಲ್ಲ. ಮೋಟಾರು ಗುಂಯ್ ಅನ್ನುತ್ತಿತ್ತು. ಗುಮಾಸ್ತ ಗುರುಪಾದಯ್ಯ ಕೊಡೆ ಹಿಡಿದುಕೊಂಡು ಹೊರಗೆ ಬಂದ. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಅವನ ಕೈಯಲ್ಲಿ ಯಾವಾಗಲೂ ಕೊಡೆ ಇರುತ್ತದೆ.

"ಕೆಲಸಾ? ಇನ್ಯಾವ ಕೆಲಸ ನರಸಣ್ಣ? ರುಮಾಲು ಆತಲ್ಲ. ಪ್ಯಾಟಿ ಹಿರೇರ ಮುಂದ ಎರಡೂ ಕೈಲೆ ಕಾಯಿ ತಗೊಂಡ್ರಿ, ಗಾದಿ ಮುಟ್ಟಿ ನಮಸ್ಕಾರ ಮಾಡಿದ್ರಿ. ಬಿಟ್ಟಂಗ ಅಲ್ಲೇನು?"

ಅಲ್ಲಿಗೆ ನನಗೆ ತಿಳಿಯಿತು. ಎಣ್ಣೆಯ ಡಬ್ಬಿ ಕೈಯಲ್ಲಿತ್ತು. ಅದನ್ನು ನೆಲಕ್ಕೆ ಬಡಿದೆ. ಎಣ್ಣೆ ಗುರುಪಾದಯ್ಯನ ಧೋತರಕ್ಕೆ ಸಿಡಿಯಿತು.

"ರುಮಾಲು ಕಟ್ಟಿ ಅನ್ನ ಕಸಿಯೋದು ಯಾವ ಶಾಸ್ತ್ರದಾಗ ಐತ್ರಿ ಅಯ್ಯನೋರೆ?"

"ಪ್ಯಾಟಿಯಾಗ ಯಾವ ಅಂಗಡ್ಯಾಗ ಬೇಕಾದ್ರ ಕೇಳು. ನಮ್ಮಪ್ಪಗೂ ಹಿಂಗ ಮಾಡಿದ್ರು."

"ನಿಮ್ಮಪ್ಪ ಕೇಳ್ಕೊಂಡು ಬಿಟ್ಟ. ಇಂವ ಕೇಳ್ಯಾನೇನು?"

"ಕೊಟ್ಟಾಗ ಬ್ಯಾಡ ಅಂದಾನೇನು?"

ನಾನು ಅವನ ಕೊಡೆಗೆ ಕೈ ಹಾಕಿದೆ. ಆಗ ಹಿಂದಿನಿಂದ ನನ್ನ ರಟ್ಟೆ ಹಿಡಿದವನು ದಸ್ತಗಿರಿಯಲ್ಲ, ನರಸಣ್ಣ. "ಒದರಬ್ಯಾಡ ಅಂಜಿನಿ" ಅಂದ. ದನಿ ಬಹಳ ಸಣ್ಣದಾಗಿತ್ತು. "ಮಂದಿ ನೋಡಾಕತ್ಯಾರ. ನನ್ ತಲಿ ಮ್ಯಾಲ ರುಮಾಲು ಐತಿ."

ಮೊದಲ ಸಲ ಅವನ ಮೇಲೆಯೇ ನನಗೆ ಹೇಸಿಗೆ ಬಂದದ್ದು ಆಗ.

ಮನೆಯಲ್ಲಿ ಜೋಳ ತೀರುತ್ತ ಬಂತು. ಆದವಾನಿಯಲ್ಲಿ ಇನ್ನೂ ಬಾಯ್ಲರು ಸುಡುವ ಜಿನ್ನುಗಳಿದ್ದವು. ನಾನೇ ಅವನನ್ನು ಎಳೆದುಕೊಂಡು ಹೋದೆ. ಮೊದಲನೆಯ ಕಡೆ ಹೋದರೆ, ಅದರ ಮಾಲೀಕ ಆ ದಿನ ಚಪ್ಪರದಲ್ಲಿ ಕುರ್ಚಿಯ ಮೇಲೆ ಕೂತಿದ್ದವನೇ. ಎದ್ದು ಕೈ ಮುಗಿದ. "ಸಿದ್ದಬಸಪ್ಪನೋರು ಆರಾಮ ಇರ್ರಿ ಅಂತ ಕಳಿಸಿದೋರ್ನ ನಾವು ಹೊಟ್ಟು ತುಂಬಾಕ ಹೆಂಗ ಹಚ್ಚೋದು? ಅವರಿಗೆ ಅವಮಾನ ಮಾಡಿದಂಗ ಆಕ್ಕತಿ" ಅಂದ. ಉಳಿದ ಕಡೆಯೂ ಇದೇ ಮಾತು, ಇದೇ ಕೈಮುಗಿತ. ಒಂದು ರುಮಾಲಿನಿಂದ ಆದವಾನಿಯ ಎಲ್ಲ ಗೇಟುಗಳೂ ಅವನಿಗೆ ಮುಚ್ಚಿಹೋದವು. ಬೈದು ತೆಗೆದಿದ್ದರೆ ಯಾರಾದರೊಬ್ಬರು ಸಿದ್ದಬಸಪ್ಪನ ಮೇಲಿನ ಹೊಟ್ಟೆಕಿಚ್ಚಿಗಾದರೂ ಇವನನ್ನು ಇಟ್ಟುಕೊಳ್ಳುತ್ತಿದ್ದರು.

ರೈಲ್ವೆ ಗೂಡ್ಸಿನಲ್ಲಿ ಮೂಟೆ ಹೊರುವ ಕೆಲಸ ಇತ್ತು. ಹೋಗು ಅಂದೆ. "ರುಮಾಲು ಕಟ್ಟಿಸ್ಕೊಂಡಾಂವ ಮೂಟಿ ಹೊತ್ರ ಸಾವ್ಕಾರ್ರಿಗೆ ಏನಂತಾರ ಮಂದಿ?" ಅಂದ.

"ಸಾವ್ಕಾರಗ ಏನಂತಾರ ಅಂತ ನಿನಗ್ಯಾಕೋ" ಎಂದು ಅಕ್ಕ ರೊಟ್ಟಿ ಬಡಿಯುವ ಹಲಗೆ ಎತ್ತಿದಳು. ಬಡಿಯಲು ಹಿಟ್ಟು ಇರಲಿಲ್ಲ, ಎತ್ತಲು ಹಲಗೆಯಾದರೂ ಇತ್ತು.

ಅವನು ಏನು ಮಾಡುತ್ತಿದ್ದ ಎಂದರೆ, ಬೆಳಿಗ್ಗೆ ಎದ್ದು ಕಿವಿಯವರೆಗೆ ತಿಕ್ಕಿ ತೊಳೆದುಕೊಂಡು, ರುಮಾಲು ಸುತ್ತಿಕೊಂಡು, ಬಜಾರಿನ ಟೀ ಹೋಟೆಲಿನ ಬೆಂಚಿನ ಮೇಲೆ ಕೂಡುತ್ತಿದ್ದ. ಬರುವವರು ಹೋಗುವವರು ನರಸಣ್ಣನೋರೆ ಆರಾಮೇನ್ರಿ ಅನ್ನುತ್ತಿದ್ದರು. ಯಾರೋ ಒಬ್ಬರು ಟೀ ಕುಡಿಸುತ್ತಿದ್ದರು. ಬೂದಿ ಅನ್ನುವವರು ಇಲ್ಲ. ಅದು ಅವನ ನಾಲಿಗೆಗೆ ಹತ್ತಿಬಿಟ್ಟಿತ್ತು.

ಬಟ್ಟೆ ಹೊಲಿಯುವ ಬಜಾರಪ್ಪ ನನಗೆ ಹೇಳಿದ, ಕೆಲಸದಿಂದ ತೆಗೆದವರ ತಕರಾರು ಕೇಳಲು ಕರ್ನೂಲಿನಿಂದ ಲೇಬರ್ ಆಫೀಸರ್ ಬರುತ್ತಾನೆ ಎಂದು. ಅವನು ಬಂದ ದಿನ ಸರಕಾರಿ ಬಂಗಲೆಗೆ ಹೋಗಿ ಕಂಡೆ. ಆತನಿಗೆ ಕನ್ನಡ ಅಷ್ಟಕ್ಕಷ್ಟೆ. ನನಗೆ ತೆಲುಗು ಬರುತ್ತದೆ, ಸಿಟ್ಟಿನಲ್ಲಂತೂ ಚೆನ್ನಾಗಿ ಬರುತ್ತದೆ. ಎಲ್ಲ ಕೇಳಿದ. ಒಳ್ಳೆಯ ಮನುಷ್ಯ. ಆಗ ಸಿದ್ದಬಸಪ್ಪನ ಜಿನ್ನಿನಲ್ಲಿ ಹತ್ತಿಯನ್ನು ಒತ್ತಿ ಬೇಲು ಕಟ್ಟುವ ಹೊಸ ಪ್ರೆಸ್ಸು ಹಾಕಿದ್ದರು. ಅದಕ್ಕೆ ಆಳು ತೆಗೆದುಕೊಳ್ಳುತ್ತಿದ್ದರು. ಆಫೀಸರು ಹೇಳಿದ್ದು ಇಷ್ಟು: ಮುಂದಿನ ಸಲ ನಾನು ಬಂದಾಗ ಮಾಲೀಕರನ್ನು ಕರೆಸುತ್ತೇನೆ. ನಿಮ್ಮ ಭಾವ, 'ನನ್ನನ್ನು ತೆಗೆದರು, ನಾನಾಗಿ ಬಿಡಲಿಲ್ಲ' ಎಂದು ನನ್ನ ಮುಂದೆ ಬಾಯಿಬಿಟ್ಟು ಹೇಳಲಿ. ಹೊಸ ಪ್ರೆಸ್ಸಿನಲ್ಲಿ ಮೊದಲು ಅವನನ್ನು ತೆಗೆದುಕೊಳ್ಳುವ ಹಾಗೆ ನಾನು ಮಾಡುತ್ತೇನೆ. ತಾನೇ ಬಿಟ್ಟೆ ಅಂದರೆ ನನ್ನ ಕೈಯಲ್ಲಿ ಏನೂ ಇಲ್ಲ.

ಒಂದು ಮಾತು. ಅಷ್ಟು ಸಾಕಾಗಿತ್ತು. ಅಕ್ಕ ಅವನಿಗೆ ಅದನ್ನು ಮಗ್ಗಿ ಕಲಿಸಿದ ಹಾಗೆ ಕಲಿಸಿದಳು.

"ಏನಂತೀ?"

"ತಗದಾರ್ರಿ, ಅಂತೀನಿ."

"ಆಮ್ಯಾಲೆ?"

"ನಾನು ಬಿಟ್ಟಿಲ್ಲರಿ, ಅಂತೀನಿ."

"ರುಮಾಲು?"

ಅವನು ತಲೆಯ ಮೇಲಿನ ರುಮಾಲನ್ನು ಮುಟ್ಟಿ ನೋಡಿಕೊಂಡ. "ಗೊತ್ತಿಲ್ಲದ ಕಟ್ಟಿಸ್ಕೊಂಡೆ ರೀ, ಅಂತೀನಿ."

"ಹೂಂ. ಅಷ್ಟ ಅನ್ನು. ಮತ್ತೇನೂ ಸೇರಿಸಬ್ಯಾಡ. ನೀ ಸೇರಿಸಾಕ ಹೋದ್ರ ಕೆಡಸ್ತಿ."

ಆಫೀಸರು ಬರುವ ಹಿಂದಿನ ದಿನ ಓಣಿಗೆ ಸಿದ್ದಬಸಪ್ಪನ ಟಾಂಗಾ ಬಂತು. ನರಸಣ್ಣನನ್ನು ಕೂಡಿಸಿಕೊಂಡು ಹೋಯಿತು. ನಾನು ಜಿನ್ನಿನಿಂದ ಬರುವ ಹೊತ್ತಿಗೆ ಅವನು ಮರಳಿ ಬಂದು ಕಟ್ಟೆಯ ಮೇಲೆ ಕೂತಿದ್ದ. ಮುಖ ಮದುವೆಯ ಗಂಡಿನ ಹಾಗಿತ್ತು.

"ಏನಂದ ಅಂವ?"

"ಗಾದಿ ಮ್ಯಾಲ ಕುಂದರಿಸಿದ್ರು ಅಂಜಿನಿ. ಕೆಳಗ ಕುಂದರ್ತೀನಿ ಅಂದ್ರ ಬಿಡ್ಲಿಲ್ಲ. ಪಿಂಗಾಣಿ ಕಪ್ಪಿನಾಗ ಟೀ. ತಮಗೂ ಅಂಥದ್ದ, ನನಗೂ ಅಂಥದ್ದ."

"ಟೀ ಇರ್ಲಿ. ಏನಂದ?"

"'ನರಸಣ್ಣನೋರೆ, ನಾವು ನಿಮ್ಮನ್ನ ಹೊರಗ ಹಾಕಿವಿ ಅಂತ ಊರಾಗ ಅಂತಾರಂತ. ನಮಗ ಬಾಳ ಬ್ಯಾಸರಾತು. ಮನಿ ಹಿರೇರಿಗೆ ಮಾಡೋ ಮರ್ಯಾದಿ ನಿಮಗ ಮಾಡೀವಿ' ಅಂದ್ರು. ಕಣ್ಣಾಗ ನೀರು ಇತ್ತು."

"ನಿನ್ನ ಒಲ್ಯಾಗ ಬೆಂಕಿ ಇಲ್ಲ, ಅವನ ಕಣ್ಣಾಗ ನೀರಂತ. ಥೂ."

"ಹಂಗ ಅನ್ನಬ್ಯಾಡ."

"ನಾಳೆ ಏನಂತಿ, ಅದನ್ನ ಹೇಳು."

"ಅಂತೀನಿ ಬಿಡೋ" ಎಂದು ಎದ್ದು ಒಳಗೆ ಹೋದ. ಒಳಗೆ ಅಕ್ಕ ಮತ್ತೆ ಕೇಳುವುದು, ಅವನು ಮತ್ತೆ ಒಪ್ಪಿಸುವುದು ನನಗೆ ಕೇಳಿಸಿತು. ಸರಿಯಾಗಿಯೇ ಒಪ್ಪಿಸಿದ.

ಮರುದಿನ ಬಂಗಲೆಯ ಪಡಸಾಲೆಯಲ್ಲಿ ಆಫೀಸರು ಮೇಜು ಹಾಕಿಕೊಂಡು ಕೂತಿದ್ದ. ಸಿದ್ದಬಸಪ್ಪ ಒಂದು ಕುರ್ಚಿಯಲ್ಲಿ. ಅವನ ಹಿಂದೆ ಕೊಡೆ ಹಿಡಿದುಕೊಂಡು ಗುರುಪಾದಯ್ಯ. ಅಕ್ಕ ಹೊರಗೆ ಬೇವಿನ ಗಿಡದ ಕೆಳಗೆ ನಿಂತಳು. ನಾನು, ನರಸಣ್ಣ ಮೆಟ್ಟಿಲು ಹತ್ತಿದೆವು. ನಾವು ಹತ್ತಿದ್ದೇ ತಡ, ಸಿದ್ದಬಸಪ್ಪ ಎದ್ದು ನಿಂತ. ಆಫೀಸರಿಗೂ ಎದ್ದಿರಲಿಲ್ಲವೇನೋ, ಇವನಿಗೆ ಎದ್ದ. "ಬರ್ರಿ ನರಸಣ್ಣನೋರೆ" ಎಂದು ತನ್ನ ಪಕ್ಕದ ಖಾಲಿ ಕುರ್ಚಿಯನ್ನು ತಾನೇ ಎಳೆದು ಕೊಟ್ಟ. ನರಸಣ್ಣ ನನ್ನ ಕಡೆ ನೋಡಿದ. ಬೇಡ ಎಂದು ಕಣ್ಣಿನಲ್ಲಿ ಹೇಳಿದೆ. ಅವನು ಕೂತ. ಜನ್ಮದಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಕೂತವನ ಹಾಗೆ, ಬೆನ್ನು ತಾಗಿಸದೆ, ತುದಿಯಲ್ಲಿ, ಎರಡೂ ಕೈ ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತ. ಅಲ್ಲಿಗೆ ಮುಗಿಯಿತೆಂದು ನನಗೆ ಗೊತ್ತಾಯಿತು.

ಆಫೀಸರು ತೆಲುಗಿನಲ್ಲಿ ಕೇಳಿದ. "ನಿನ್ನು ತೀಸೇಸಿನಾರಾ, ನುವ್ವೇ ಪೋಯಿನಾವಾ?" ನಿನ್ನನ್ನು ತೆಗೆದರೋ, ನೀನೇ ಹೋದೆಯೋ.

ನರಸಣ್ಣ ಸಿದ್ದಬಸಪ್ಪನ ಕಡೆ ನೋಡಿದ. ಸಿದ್ದಬಸಪ್ಪ ಅವನ ಕಡೆ ನೋಡುತ್ತಲೇ ಇರಲಿಲ್ಲ, ತನ್ನ ಉಂಗುರ ತಿರುಗಿಸುತ್ತಿದ್ದ.

"ಹೇಳಪ್ಪ. ಭಯ ಬೇಡ" ಎಂದು ಆಫೀಸರು ತನಗೆ ಬರುವ ಕನ್ನಡದಲ್ಲಿ ಅಂದ.

"ಸಾವ್ಕಾರ್ರು ನನ್ನ ತಗದಿಲ್ಲರಿ" ಅಂದ ನರಸಣ್ಣ. "ಮರ್ಯಾದಿ ಮಾಡಿ ಕಳಿಸ್ಯಾರ. ನಾನೇ ಎರಡೂ ಕೈಲೆ ಇಸ್ಕೊಂಡೀನ್ರಿ."

"ಮಾವ" ಅಂದೆ. ಅವನು ನೋಡಲಿಲ್ಲ. "ಲೇ ಬೂದಿ ನರಸ" ಎಂದು ಕೂಗಿದೆ. ಆಗ ನೋಡಿದ. ಹೊಡೆದ ಹಾಗೆ ನೋಡಿದ. ಸಿದ್ದಬಸಪ್ಪ ತಲೆ ಅಲ್ಲಾಡಿಸಿ, "ಹಿರೇರಿಗೆ ಹಂಗ ಅಂತಾರೇನಪ್ಪ" ಎಂದು ನನಗೆ ಬುದ್ಧಿ ಹೇಳಿದ. ಅವನ ಬಾಯಿಯಿಂದ ಆ ಮಾತು. ನಾನು ಅವನನ್ನು ಅವನ ತಂದೆಯಿಂದ ಹಿಡಿದು ಬೈದೆ. ತೆಲುಗಿನಲ್ಲಿ ಸ್ವಲ್ಪ, ಕನ್ನಡದಲ್ಲಿ ಪೂರ್ತಿ. ಆಫೀಸರು ಜವಾನನನ್ನು ಕರೆದು ನನ್ನನ್ನು ಹೊರಗೆ ಕಳಿಸಿದ. ಪಾಪ, ಅವನಾದರೂ ಏನು ಮಾಡಿಯಾನು? ತೆಗೆದಿಲ್ಲ ಎಂದು ತೆಗೆಸಿಕೊಂಡವನೇ ಹೇಳಿದ ಮೇಲೆ ಮೇಜಿನ ಮೇಲಿನ ಕಾಗದವನ್ನು ಮಡಿಸಿಡುವುದಷ್ಟೆ.

ಬೇವಿನ ಗಿಡದ ಕೆಳಗೆ ಅಕ್ಕ ಕೇಳಿದಳು. "ಅಂದನಾ?"

"ಅನ್ನಲಿಲ್ಲ."

"ಗೊತ್ತಿತ್ತು" ಅಂದಳು. ಆಕೆಯ ದೊಡ್ಡ ಬಾಯಿಯಿಂದ ಬಂದದ್ದು ಅಷ್ಟೇ. ನಾನು ಅಳುತ್ತಾಳೆ ಅಂದುಕೊಂಡೆ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗುರುಪಾದಯ್ಯ ಹೊರಗೆ ಬರುವವರೆಗೆ ಅಲ್ಲೇ ಕಾದಳು. ಬಂದ ಕೂಡಲೆ ಅಡ್ಡ ನಿಂತು, "ಅಯ್ಯನೋರೆ, ಹತ್ತಿ ಹಾಕಾಕ ಹೆಣ್ಣಾಳು ಬೇಕಾಗ್ಯಾರೇನ್ರಿ?" ಎಂದು ಕೇಳಿದಳು. ಗುರುಪಾದಯ್ಯ ಒಳಗಿದ್ದ ಸಿದ್ದಬಸಪ್ಪನ ಕಡೆ ಒಮ್ಮೆ ನೋಡಿ, "ಮುಂಜಾನೆ ಬಾ" ಅಂದ.

ಮುಂಜಾನೆ ನಾನೂ ಹೋದೆ. ಆಕೆಯನ್ನು ಒಳಗೆ ಬಿಟ್ಟ ದಸ್ತಗಿರಿ ನನಗೆ ಕೋಲು ಅಡ್ಡ ಹಿಡಿದ. "ನೀ ಬ್ಯಾಡಂತ ಅಂಜಿನಪ್ಪ" ಅಂದ. ನನಗೆ ಕಾಯಿ ಇಲ್ಲ, ರುಮಾಲು ಇಲ್ಲ, ಹೆಸರಿನ ತುದಿಗೆ ಓರ್ ಇಲ್ಲ. ದಸ್ತಗಿರಿಯ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೋಲನ್ನು ಮಾತ್ರ ಮುರಿದು ಬಂದೆ. ಮರುವಾರವೇ ಎಮ್ಮಿಗನೂರಿನ ಒಂದು ಜಿನ್ನಿನಲ್ಲಿ ಎಣ್ಣೆ ಬಿಡುವ ಕೆಲಸ ಸಿಕ್ಕಿತು. ಯಾಕೆ ಬಿಟ್ಟೆ ಎಂದು ಅಲ್ಲಿಯ ಮಾಲೀಕ ಕೇಳಿದ. ಸಿದ್ದಬಸಪ್ಪನನ್ನು ಬೈದದ್ದಕ್ಕೆ ಹೊರಗೆ ಹಾಕಿದರು ಅಂದೆ. ಅವನು ನಕ್ಕು, ಒಳಗೆ ನಡಿ ಅಂದ.

ಯುಗಾದಿಯ ಹೊತ್ತಿಗೆ ಅಕ್ಕನನ್ನು ನೋಡಲು ಆದವಾನಿಗೆ ಹೋಗಿದ್ದೆ. ಆಕೆ ಆಗ ತಾನೆ ಜಿನ್ನಿನಿಂದ ಬಂದಿದ್ದಳು. ತಲೆ, ಹುಬ್ಬು, ರೆಪ್ಪೆ ಎಲ್ಲ ಹತ್ತಿಯ ನವಿರು. ಕೆಮ್ಮುತ್ತಿದ್ದಳು. ಕೆಮ್ಮುತ್ತಲೇ ಒಲೆ ಹಚ್ಚಿ, ರೊಟ್ಟಿ ಬಡಿಯಲು ಕೂತಳು. ನರಸಣ್ಣ ಹೋಟೆಲಿನ ಬೆಂಚಿನಿಂದ ಎದ್ದು ಬಂದ. ಮೈ ತುಂಬಿಕೊಂಡಿದ್ದ. ಬಂಗಲೆಯಲ್ಲಿ ನಾನು ಅಂದದ್ದನ್ನು ಅವನು ಮರೆತಿದ್ದನೋ, ದೊಡ್ಡವನಾಗಿ ಕ್ಷಮಿಸಿದ್ದನೋ, ನನ್ನ ಭುಜದ ಮೇಲೆ ಕೈ ಇಟ್ಟ.

"ನೋಡಿದ್ಯಾ ಅಂಜಿನಿ. ನಾನು ಕುಂತ್ರೂ ಸಾವ್ಕಾರ್ರು ನಮ್ಮನಿ ಕೈ ಬಿಡ್ಲಿಲ್ಲ. ನಿಮ್ಮಕ್ಕ ಕೇಳಿದ ಮರುದಿನಾನ ಕೆಲಸ ಕೊಟ್ರು. ಮಂದಿಗೆ ಹಂಗ ಕೊಡ್ತಾರೇನು?"

ಅಕ್ಕ ಮೂ‌ಗಿನಿಂದ ಹತ್ತಿಯ ಎಳೆಯೊಂದನ್ನು ಎಳೆದು ಒಲೆಗೆ ಹಾಕಿ, ಹಂಚಿನ ಮೇಲಿನ ಮೊದಲ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದಳು. ಎರಡನೆಯದನ್ನು ನನ್ನ ತಟ್ಟೆಗೆ ಹಾಕಲು ಎತ್ತಿದಳು. ಎಮ್ಮಿಗನೂರಿನ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಬಸ್ಸಿಗೆ ಹೊತ್ತಾಯಿತು ಅಕ್ಕ ಎಂದು ಸುಳ್ಳು ಹೇಳಿ ಎದ್ದು ಬಂದೆ.